ವಿದ್ಯುತ್ ಹೋದಾಗಲೆಲ್ಲ ಅಪಾಚೆ ತಾನಾಗಿ ನಿಲ್ಲುತ್ತಿದೆ: ಸಿಗ್‌ವಿಂಚ್ ಕಳಿಸುತ್ತಿರುವವರು ಯಾರು?

ಪ್ರಶ್ನೆ: ಮಳೆನಾಡು

ನಮ್ಮ ಕಚೇರಿಯ ಪರೀಕ್ಷಾ ಸರ್ವರ್‌ನಲ್ಲಿರುವ ಅಪಾಚೆ ವೆಬ್ ಸರ್ವರ್ (ಲಿನಕ್ಸ್, 2.4ರ ಸರಣಿ, ಈವೆಂಟ್ ಎಂಪಿಎಂ ಎಂಬ ಪ್ರೊಸೆಸ್ ನಿರ್ವಹಣಾ ಘಟಕ) ಎರಡು ವಾರಗಳಿಂದ ಯಾರೂ ಮುಟ್ಟದೆ ತಾನಾಗಿ ನಿಂತುಹೋಗುತ್ತಿದೆ. ಕಾರಣ ಹುಡುಕಿ ಸೋತು ಇಲ್ಲಿ ಕೇಳುತ್ತಿದ್ದೇನೆ. ಗಮನಿಸಿದ್ದನ್ನೆಲ್ಲ, ಅಸಂಬದ್ಧವೆಂದು ತೋರುವುದನ್ನೂ ಬಿಡದೆ, ಬರೆಯುತ್ತೇನೆ.

ಅಪಾಚೆಯನ್ನು ನಾನು ಸಾಮಾನ್ಯ ಬಳಕೆದಾರನ ಖಾತೆಯಿಂದ, 8080ನೇ ಪೋರ್ಟಿನಲ್ಲಿ, ಟಿಮಕ್ಸ್ (ಸಂಪರ್ಕ ಕಡಿದರೂ ಟರ್ಮಿನಲ್ಲನ್ನು ಜೀವಂತವಾಗಿಡುವ, ಹಲವರು ಸೇರಿಕೊಳ್ಳಬಹುದಾದ ತಂತ್ರಾಂಶ) ಸೆಷನ್ ಒಂದರೊಳಗೆ, ಫೋರ್‌ಗ್ರೌಂಡ್ ಆಯ್ಕೆ (ಟರ್ಮಿನಲ್ಲಿನಿಂದ ಬೇರ್ಪಡದೆ ಓಡು ಎಂಬ ಸೂಚನೆ) ಕೊಟ್ಟು ಆರಂಭಿಸುತ್ತೇನೆ. ಲಾಗ್ ಕಣ್ಣೆದುರಿಗೆ ಹರಿಯುತ್ತಿರಲಿ ಎಂಬುದಷ್ಟೇ ಇದರ ಉದ್ದೇಶ. ಬೆಳಗ್ಗೆ ಆರಂಭಿಸಿದರೆ ಹಗಲೆಲ್ಲ ಚೆನ್ನಾಗಿಯೇ ಓಡುತ್ತದೆ. ಸಂಜೆ ವಿದ್ಯುತ್ ಹೋದರೆ ಮಾತ್ರ, ಹೆಚ್ಚು ಕಡಿಮೆ ಅದೇ ಕ್ಷಣಕ್ಕೆ, ಅಪಾಚೆ ನಿಲ್ಲುತ್ತದೆ. ಸರ್ವರ್ ಯಂತ್ರ ಯುಪಿಎಸ್‌ಗೆ ಸೇರಿದೆ, ನೆಟ್‌ವರ್ಕ್ ಸ್ವಿಚ್ಚೂ ಅದಕ್ಕೇ ಸೇರಿದೆ. ಯಂತ್ರ 41 ದಿನಗಳಿಂದ ಒಮ್ಮೆಯೂ ಮರುಚಾಲನೆಗೊಂಡಿಲ್ಲ, ನನ್ನ ಲ್ಯಾಪ್‌ಟಾಪಿನಿಂದ ಸರ್ವರ್‌ಗೆ ಸೇರುವ ಎಸ್‌ಎಸ್‌ಎಚ್ ಸಂಪರ್ಕವೂ ಕಡಿಯುವುದಿಲ್ಲ. ಅದೇ ಯಂತ್ರದ ಡೇಟಾಬೇಸಿಗೂ ಏನೂ ಆಗುವುದಿಲ್ಲ. ಕತ್ತಲಾದರೆ ಅಪಾಚೆ ಒಂದೇ ಹೇಗೆ ತಿಳಿದುಕೊಳ್ಳುತ್ತದೆ ಎಂಬುದು ನನಗೆ ಬಿಡಿಸಲಾಗದ ಒಗಟಾಗಿದೆ.

ಎರಡನೆಯ ಸಂಗತಿ ಇನ್ನೂ ವಿಚಿತ್ರವಾದುದು. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ರಾತ್ರಿ ಮನೆಯಿಂದ ಅದೇ ಟಿಮಕ್ಸ್ ಸೆಷನ್ನಿಗೆ ಸೇರಿಕೊಂಡು ಲಾಗ್ ನೋಡುವುದುಂಟು. ‘ನಾನು ನೋಡುವ ಹೊತ್ತಿಗೆ ನಿಮ್ಮ ಸರ್ವರ್ ನಿಂತೇ ಇರುತ್ತದೆ’ ಎಂದು ಅವರು ದೂರುತ್ತಾರೆ. ಲಾಗಿನ ಸಮಯವನ್ನು ಹೋಲಿಸಿದರೆ, ಅವರು ಒಳಗೆ ಬಂದ ಕ್ಷಣಕ್ಕೂ ಅಪಾಚೆ ನಿಂತ ಕ್ಷಣಕ್ಕೂ ಒಂದು ಸೆಕೆಂಡಿನ ಅಂತರವೂ ಇಲ್ಲ.

ಮೂರನೆಯದಾಗಿ, ಕೆಲವು ಬಾರಿ ಪಿಎಸ್ ಆಜ್ಞೆಯ ಪಟ್ಟಿಯಲ್ಲಿ ಅಪಾಚೆಯ ಪ್ರೊಸೆಸ್‌ಗಳು ಜೀವಂತವಾಗಿಯೇ ಕಾಣುತ್ತವೆ. ಆದರೆ ಬ್ರೌಸರಿನಿಂದ ಹೋದರೆ ಸಂಪರ್ಕ ನಿರಾಕರಿಸಲಾಗಿದೆ ಎಂಬ ಉತ್ತರ ಬರುತ್ತದೆ.

ದೋಷದ ಲಾಗಿನಲ್ಲಿ ಪ್ರತಿ ಬಾರಿಯೂ ಇರುವುದು ಒಂದೇ ಸಾಲು, ಅದರ ಗುರುತು ಎಎಚ್00492. ಸಿಗ್‌ವಿಂಚ್ ಎಂಬ ಸಿಗ್ನಲ್ (ಪ್ರೊಸೆಸ್ಸಿಗೆ ಕಳಿಸುವ ಪುಟ್ಟ ಸೂಚನೆ) ಬಂದಿದೆ, ಆದ್ದರಿಂದ ಸಾವಕಾಶವಾಗಿ ನಿಲ್ಲುತ್ತಿದ್ದೇನೆ ಎಂಬುದು ಅದರ ತಾತ್ಪರ್ಯ. ವಿಂಚ್ ಎಂದರೆ ಭಾರ ಎತ್ತುವ ರಾಟೆಯಂಥ ಯಂತ್ರವೆಂದಷ್ಟೇ ತಿಳಿದಿದ್ದ ನಾನು ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್ ಪಟ್ಟಿಯನ್ನು, ಲಾಗ್ ತಿರುಗಿಸುವ ಸ್ಕ್ರಿಪ್ಟ್‌ಗಳನ್ನು, ಹೊಸ ಆವೃತ್ತಿ ಏರಿಸುವ ಸ್ಕ್ರಿಪ್ಟ್‌ಗಳನ್ನು ಎಲ್ಲ ಜಾಲಾಡಿದೆ. ಈ ಹೆಸರಿನ ಸಿಗ್ನಲ್ಲನ್ನು ಎಲ್ಲಿಯೂ ಯಾರೂ ಕಳಿಸುತ್ತಿಲ್ಲ. ಹಾಗಾದರೆ ಕಳಿಸುತ್ತಿರುವವರು ಯಾರು?

ಉತ್ತರ: ಬಯಲುಗಾಳಿ

ಸರ್ವರ್ ತಾನಾಗಿ ನಿಲ್ಲುವ ಪ್ರಕರಣಗಳಲ್ಲಿ ನಾನು ಮೊದಲು ಅನುಮಾನಿಸುವುದು ಮೆಮೊರಿ ಸಾಲದೆ ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಪ್ರೊಸೆಸ್ಸನ್ನು ಕೊಲ್ಲುವ ಸಾಧ್ಯತೆಯನ್ನು. ನಿಮ್ಮ ಡೇಟಾಬೇಸೂ ಅದೇ ಯಂತ್ರದಲ್ಲಿದೆ ಎಂದಿದ್ದೀರಿ. ಕರ್ನಲ್ ಲಾಗಿನಲ್ಲಿ ಅಂಥ ದಾಖಲೆಯೇನಾದರೂ ಇದೆಯೇ? ಅಪಾಚೆಯ ನಿರ್ಗಮನ ಸಂಖ್ಯೆ (ಪ್ರೊಸೆಸ್ ಮುಗಿದಾಗ ಬಿಟ್ಟುಹೋಗುವ ಸಂಖ್ಯೆ) ಎಷ್ಟಿದೆ?

ಮಳೆನಾಡು

ಕರ್ನಲ್ ಲಾಗಿನಲ್ಲಿ ಏನೂ ಇಲ್ಲ. ಆರಂಭಿಸುವ ಸ್ಕ್ರಿಪ್ಟಿಗೆ ನಿರ್ಗಮನ ಸಂಖ್ಯೆಯನ್ನು ಮುದ್ರಿಸುವ ಸಾಲೊಂದನ್ನು ಸೇರಿಸಿ ಕಾದು ನೋಡಿದೆ, ಬಂದದ್ದು ಸೊನ್ನೆ. ಪ್ರೊಸೆಸ್ಸನ್ನು ಕೊಲ್ಲುವ ಸಿಗ್‌ಕಿಲ್ ಸಿಗ್ನಲ್ಲಿನಿಂದ ಸತ್ತಿದ್ದರೆ 137 ಬರಬೇಕಿತ್ತು, ಅಲ್ಲವೇ?

ಉತ್ತರ: ಹಳೆ ಟರ್ಮಿನಲ್

ಹೌದು. 128ಕ್ಕೆ ಸಿಗ್‌ಕಿಲ್‌ನ ಸಂಖ್ಯೆಯಾದ 9 ಸೇರಿ 137 ಬರಬೇಕಿತ್ತು. ಅಷ್ಟೇ ಅಲ್ಲ, ಸಿಗ್‌ಕಿಲ್ಲನ್ನು ಯಾವ ಪ್ರೊಸೆಸ್ಸೂ ಹಿಡಿಯಲಾಗದು. ಆದ್ದರಿಂದ ಕೊಲೆಯಾದ ಅಪಾಚೆ ಲಾಗಿನಲ್ಲಿ ಒಂದು ಸಾಲು ಬರೆದು ಹೋಗುವ ಪ್ರಶ್ನೆಯೇ ಬರುವುದಿಲ್ಲ. ನಿಮ್ಮದು ಕೊಲೆಯಲ್ಲ, ಯಾರೋ ಕೇಳಿಕೊಂಡದ್ದರಿಂದ ಸಾವಕಾಶವಾಗಿ ಎದ್ದು ಹೋಗಿದೆ.

ಮುಂದೆ ಹೋಗುವ ಮೊದಲು ಒಂದು ಪ್ರಶ್ನೆ: ಕಚೇರಿಯಲ್ಲಿ ನಿಮ್ಮ ಲ್ಯಾಪ್‌ಟಾಪಿಗೆ ಹೊರಗಿನ ದೊಡ್ಡ ಪರದೆಯೊಂದನ್ನು ಜೋಡಿಸಿಕೊಂಡಿದ್ದೀರಾ, ಮತ್ತು ಆ ಪರದೆ ಯುಪಿಎಸ್‌ಗೆ ಸೇರಿಲ್ಲವೇ?

ನೀವು ಹೌದೆನ್ನುತ್ತೀರಿ ಎಂದುಕೊಂಡೇ ಉಳಿದದ್ದನ್ನು ಬರೆಯುತ್ತೇನೆ. ಸಿಗ್‌ವಿಂಚ್ ಎಂಬ ಹೆಸರಿಗೂ ರಾಟೆಗೂ ಸಂಬಂಧವಿಲ್ಲ, ಅದು ವಿಂಡೋ ಚೇಂಜ್ ಎಂಬುದರ ಮೊಟಕು ರೂಪ. ಟರ್ಮಿನಲ್ಲಿನ ಅಗಲ ಅಥವಾ ಎತ್ತರ ಬದಲಾದಾಗ, ಅದರಲ್ಲಿ ಓಡುತ್ತಿರುವ ಕಾರ್ಯಕ್ರಮಗಳು ತಮ್ಮ ಚಿತ್ರವನ್ನು ಹೊಸ ಅಳತೆಗೆ ತಿದ್ದಿ ಬರೆದುಕೊಳ್ಳಲಿ ಎಂದು ಕರ್ನಲ್ ಕಳಿಸುವ ಸೂಚನೆ ಅದು. ಬಿಎಸ್‌ಡಿ ಯೂನಿಕ್ಸ್ ಕಾಲದಿಂದ ಬಂದದ್ದು, ಇಂದಿನ ಸಾಮಾನ್ಯ ಲಿನಕ್ಸ್ ಯಂತ್ರಗಳಲ್ಲಿ ಅದರ ಸಂಖ್ಯೆ 28. ವಿಮ್‌ನಂಥ ಸಂಪಾದಕಗಳು, ಲೆಸ್, ಟಾಪ್ ಎಲ್ಲವೂ ಇದನ್ನು ನೆಚ್ಚಿಕೊಂಡಿವೆ. ಹಿಡಿಯಲು ಏರ್ಪಾಡು ಮಾಡಿಕೊಳ್ಳದ ಪ್ರೊಸೆಸ್ಸಿಗೆ ಇದು ಬಂದರೂ ಬಾರದಂತೆಯೇ, ಏಕೆಂದರೆ ಪೂರ್ವನಿಗದಿತ ವರ್ತನೆ ನಿರ್ಲಕ್ಷ್ಯ. ನಿಮ್ಮ ಡೇಟಾಬೇಸಿಗೆ ಏನೂ ಆಗದಿರುವುದು ಅದು ಟರ್ಮಿನಲ್ಲಿನಿಂದ ಬೇರ್ಪಟ್ಟು ಓಡುತ್ತಿರುವುದರಿಂದ.

ಅಪಾಚೆ ಇದನ್ನು ಬೇರೊಂದು ಕೆಲಸಕ್ಕೆ ಎರವಲು ಪಡೆದಿದೆ. ಟರ್ಮ್ ಬಂದರೆ ಕೂಡಲೇ ನಿಲ್ಲುವುದು, ಎಚ್‌ಯುಪಿ ಬಂದರೆ ಮರುಚಾಲನೆ, ಯುಎಸ್‌ಆರ್1 ಬಂದರೆ ಓಡುತ್ತಿರುವ ಕೋರಿಕೆಗಳನ್ನು ಕೆಡಿಸದೆ ಮರುಚಾಲನೆ ಎಂಬ ಮೂರು ಏರ್ಪಾಡುಗಳು ಅದರಲ್ಲಿ ಮೊದಲೇ ಇದ್ದವು. 2005ರ ಡಿಸೆಂಬರಿನಲ್ಲಿ ಹೊರಬಂದ 2.2ರ ಸರಣಿಯಲ್ಲಿ, ಓಡುತ್ತಿರುವ ಕೋರಿಕೆಗಳನ್ನು ಮುಗಿಸಿ ಆಮೇಲೆ ನಿಲ್ಲುವ ನಾಲ್ಕನೆಯ ಏರ್ಪಾಡು ಸೇರಿತು. ಅದಕ್ಕೆ ಗೊತ್ತುಮಾಡಿದ ಸಿಗ್ನಲ್ ಸಿಗ್‌ವಿಂಚ್. ಟರ್ಮಿನಲ್ಲೇ ಇಲ್ಲದೆ ಹಿನ್ನೆಲೆಯಲ್ಲಿ ಓಡುವ ಸೇವೆಗೆ, ಅಂದರೆ ಡೀಮನ್‌ಗೆ, ಕರ್ನಲ್ ಇದನ್ನು ಎಂದೂ ಕಳಿಸುವುದಿಲ್ಲವಾದ್ದರಿಂದ ಆ ಆಯ್ಕೆ ನಿರಪಾಯವಾಗಿಯೇ ಕಂಡಿರಬೇಕು. ಫೋರ್‌ಗ್ರೌಂಡ್ ಆಯ್ಕೆಯಲ್ಲಿ ಓಡುವ ಅಪಾಚೆಗೆ ಮಾತ್ರ ಆ ಊಹೆ ಸುಳ್ಳಾಗುತ್ತದೆ.

ಈಗ ನಿಮ್ಮ ಸಂಜೆಯ ಪ್ರಕರಣ. ವಿದ್ಯುತ್ ಹೋದೊಡನೆ ಹೊರಗಿನ ಪರದೆ ಆರುತ್ತದೆ, ಬ್ಯಾಟರಿಯ ಬಲದಲ್ಲಿರುವ ಲ್ಯಾಪ್‌ಟಾಪ್ ಆರುವುದಿಲ್ಲ. ದೊಡ್ಡ ಪರದೆಯಲ್ಲಿದ್ದ ಟರ್ಮಿನಲ್ ವಿಂಡೋ ಲ್ಯಾಪ್‌ಟಾಪಿನ ಸಣ್ಣ ಪರದೆಗೆ ಜಿಗಿದು ಕುಗ್ಗುತ್ತದೆ. ನಿಮ್ಮ ಎಸ್‌ಎಸ್‌ಎಚ್ ಕ್ಲೈಂಟಿಗೆ ಸಿಗ್‌ವಿಂಚ್ ಬರುತ್ತದೆ, ಅದು ಹೊಸ ಅಳತೆಯನ್ನು ಸಂಪರ್ಕದ ಮೂಲಕ ಆಚೆ ತುದಿಗೆ ತಿಳಿಸುತ್ತದೆ. ಅಲ್ಲಿನ ಎಸ್‌ಎಸ್‌ಎಚ್ ಡೀಮನ್ ತನ್ನ ಹುಸಿ ಟರ್ಮಿನಲ್ಲಿನ (ತಂತ್ರಾಂಶವೇ ಸೃಷ್ಟಿಸಿದ ಟರ್ಮಿನಲ್ಲಿನ) ಗಾತ್ರವನ್ನು ಬದಲಿಸುತ್ತದೆ, ಆಗ ಟಿಮಕ್ಸ್ ಕ್ಲೈಂಟಿಗೆ ಸಿಗ್‌ವಿಂಚ್ ಬರುತ್ತದೆ. ಟಿಮಕ್ಸ್ ತನ್ನ ಒಳಗಿನ ಅಂಕಣದ ಹುಸಿ ಟರ್ಮಿನಲ್ಲನ್ನೂ ಕುಗ್ಗಿಸುತ್ತದೆ, ಮತ್ತು ಆ ಟರ್ಮಿನಲ್ಲಿನ ಮುನ್ನೆಲೆ ಪ್ರೊಸೆಸ್ ಗುಂಪಿಗೆ, ಅಂದರೆ ನಿಮ್ಮ ಅಪಾಚೆಗೆ, ಕರ್ನಲ್ ಅದೇ ಸಿಗ್ನಲ್ಲನ್ನು ತಲುಪಿಸುತ್ತದೆ. ಅಪಾಚೆ ಅದನ್ನು ‘ಕೆಲಸ ಮುಗಿಸಿ ಹೊರಡು’ ಎಂದು ಓದಿಕೊಳ್ಳುತ್ತದೆ. ಕಚೇರಿಯ ಕತ್ತಲು ಯುಪಿಎಸ್‌ಅನ್ನು ದಾಟಿ ಸರ್ವರ್ ತಲುಪುವ ದಾರಿ ಇದು.

ನಿಮ್ಮ ಹಿರಿಯರ ಪ್ರಕರಣ ಇದೇ ಕಥೆಯ ಎರಡನೆಯ ಅಧ್ಯಾಯ. ಒಂದು ಸೆಷನ್ನಿಗೆ ಬೇರೆ ಬೇರೆ ಅಳತೆಯ ಇಬ್ಬರು ಸೇರಿದರೆ ಟಿಮಕ್ಸ್ ಯಾವುದಾದರೊಂದು ಅಳತೆಗೆ ಹೊಂದಿಕೊಳ್ಳಲೇಬೇಕು. ಹಳೆಯ ಆವೃತ್ತಿಗಳು ಇಬ್ಬರಲ್ಲಿ ಚಿಕ್ಕ ಪರದೆಯವರನ್ನು ಅನುಸರಿಸುತ್ತವೆ, ಹೊಸವು ಕೊನೆಯದಾಗಿ ಬಳಸಿದವರನ್ನು. ಹೇಗಿದ್ದರೂ ಅವರು ಕಾಲಿಟ್ಟ ಕ್ಷಣಕ್ಕೆ ಅಂಕಣದ ಅಳತೆ ಬದಲಾಗುತ್ತದೆ. ಅವರು ನೋಡುವ ಹೊತ್ತಿಗೆ ಸರ್ವರ್ ನಿಂತಿರುತ್ತದೆ ಎಂಬ ಮಾತು ನಿಜವೇ. ನೋಡಲು ಬಂದದ್ದರಿಂದಲೇ ನಿಂತಿತು ಎಂಬುದೊಂದು ಅದರಲ್ಲಿ ಬಿಟ್ಟುಹೋಗಿದೆ.

ನನ್ನ ಮಾತನ್ನು ನಂಬಬೇಕಾಗಿಲ್ಲ, ಪರೀಕ್ಷಿಸಿ ನೋಡಿ. ಅಪಾಚೆ ಓಡುತ್ತಿರುವ ಟರ್ಮಿನಲ್ಲಿನ ಸಾಧನದ ಹೆಸರನ್ನು ಪಿಎಸ್ ಪಟ್ಟಿಯ ಟಿಟಿವೈ ಕಂಬದಲ್ಲಿ ನೋಡಿಕೊಳ್ಳಿ. ಇನ್ನೊಂದು ಟರ್ಮಿನಲ್ಲಿನಿಂದ, ಎಸ್‌ಟಿಟಿವೈ ಆಜ್ಞೆಗೆ ಆ ಸಾಧನದ ಹೆಸರು ಕೊಟ್ಟು, ಅಗಲವನ್ನು 100 ಅಕ್ಷರಕ್ಕೆ ನಿಗದಿಪಡಿಸಿ. ಯಾವ ವಿಂಡೋವನ್ನೂ ಮುಟ್ಟದೆ ಅಪಾಚೆ ನಿಲ್ಲಬೇಕು. ಅಗಲ ಮೊದಲೇ 100 ಇದ್ದರೆ ಏನೂ ಆಗದು, ಏಕೆಂದರೆ ಹಳೆಯ ಅಳತೆಯೂ ಹೊಸದೂ ಒಂದೇ ಆಗಿದ್ದರೆ ಲಿನಕ್ಸ್ ಕರ್ನಲ್ ಸಿಗ್ನಲ್ ಕಳಿಸುವುದಿಲ್ಲ. ಜೊತೆಗೆ ತಾಯಿ ಪ್ರೊಸೆಸ್ಸಿಗೆ ಸ್ಟ್ರೇಸ್ ಎಂಬ ನಿಗಾ ಉಪಕರಣವನ್ನು ಜೋಡಿಸಿ ಸಿಗ್ನಲ್‌ಗಳನ್ನು ಮಾತ್ರ ತೋರಿಸಲು ಹೇಳಿದರೆ, ಬಂದ ಸಿಗ್ನಲ್ಲಿನ ಜೊತೆಗಿರುವ ಎಸ್‌ಐ ಕೋಡ್ ಎಂಬ ಅಂಶವೂ ಕಾಣುತ್ತದೆ. ಯಾವುದಾದರೂ ಸ್ಕ್ರಿಪ್ಟ್ ಕಿಲ್ ಆಜ್ಞೆಯಿಂದ ಕಳಿಸಿದ್ದರೆ ಅಲ್ಲಿ ಎಸ್‌ಐ ಯೂಸರ್ ಎಂದೂ ಕಳಿಸಿದ ಪ್ರೊಸೆಸ್ಸಿನ ಸಂಖ್ಯೆಯೂ ಇರುತ್ತವೆ. ಟರ್ಮಿನಲ್ಲಿನಿಂದ ಬಂದಿದ್ದರೆ ಎಸ್‌ಐ ಕರ್ನಲ್ ಎಂದಿರುತ್ತದೆ. ನಿಮ್ಮ ಶೀರ್ಷಿಕೆಯ ಪ್ರಶ್ನೆಗೆ ನೇರ ಉತ್ತರ ಅಲ್ಲಿದೆ.

ಮಳೆನಾಡು

ಪರದೆಯ ವಿಷಯದಲ್ಲಿ ನಿಮ್ಮ ಊಹೆ ಸರಿಯಾಗಿದೆ. ನನ್ನ ಮೇಜಿನ ಪರದೆ ಗೋಡೆಯ ಸಾಮಾನ್ಯ ಸಾಕೆಟ್ಟಿಗೆ ಸೇರಿದೆ. ಎಸ್‌ಟಿಟಿವೈ ಪ್ರಯೋಗ ಮಾಡಿದೆ, ಅಪಾಚೆ ಆ ಕ್ಷಣವೇ ನಿಂತಿತು. ಸ್ಟ್ರೇಸ್ ತೋರಿಸಿದ್ದು ಎಸ್‌ಐ ಕರ್ನಲ್ ಎಂದೇ.

ಆದರೂ ಒಂದು ಸಂದೇಹ ಉಳಿದಿದೆ. ಮುನ್ನೆಲೆ ಗುಂಪಿಗೆ ಮಾತ್ರ ಸಿಗ್ನಲ್ ಹೋಗುತ್ತದೆ ಎಂದಿರಿ. ನನ್ನ ಅಪಾಚೆ ಮುನ್ನೆಲೆಯಲ್ಲಿಲ್ಲ. ಸ್ಕ್ರಿಪ್ಟಿನಲ್ಲಿ ಆಜ್ಞೆಯ ಕೊನೆಗೆ ಆ್ಯಂಪರ್‌ಸ್ಯಾಂಡ್ ಹಾಕಿ ಅದನ್ನು ಹಿನ್ನೆಲೆಗೆ ಕಳಿಸಿ, ಮುಂದಿನ ಸಾಲಿನಲ್ಲಿ ಟೇಲ್ ಆಜ್ಞೆಯಿಂದ ಲಾಗನ್ನು ಹರಿಯಬಿಡುತ್ತೇನೆ. ಫೋರ್‌ಗ್ರೌಂಡ್ ಎಂಬುದು ಅಪಾಚೆಯ ಆಯ್ಕೆಯ ಹೆಸರು ಮಾತ್ರ. ಸುರಕ್ಷತೆಗೆಂದು ನಿನ್ನೆ ನೋಹಪ್ ಕೂಡ ಸೇರಿಸಿ ನೋಡಿದೆ, ಪ್ರಯೋಜನವಾಗಲಿಲ್ಲ.

ಹಳೆ ಟರ್ಮಿನಲ್

ಇಲ್ಲಿ ಎಡವದವರು ವಿರಳ, ಆದ್ದರಿಂದ ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಹಿನ್ನೆಲೆ, ಮುನ್ನೆಲೆ ಎಂಬುದು ಒಂಟಿ ಪ್ರೊಸೆಸ್ಸಿನ ಗುಣವಲ್ಲ, ಪ್ರೊಸೆಸ್ ಗುಂಪಿನ ಗುಣ. ನೀವು ಕೈಯಾರೆ ಆಜ್ಞೆ ಟೈಪ್ ಮಾಡುವ ಶೆಲ್ಲಿನಲ್ಲಿ ಜಾಬ್ ನಿಯಂತ್ರಣ ಚಾಲ್ತಿಯಲ್ಲಿರುತ್ತದೆ. ಅಲ್ಲಿ ಆ್ಯಂಪರ್‌ಸ್ಯಾಂಡ್ ಹಾಕಿದರೆ ಶೆಲ್ ಆ ಆಜ್ಞೆಗೆ ಪ್ರತ್ಯೇಕ ಗುಂಪನ್ನು ಕಟ್ಟಿಕೊಡುತ್ತದೆ, ಮುನ್ನೆಲೆಯ ಸ್ಥಾನವನ್ನು ತನ್ನ ಬಳಿಯೇ ಇಟ್ಟುಕೊಳ್ಳುತ್ತದೆ. ಸ್ಕ್ರಿಪ್ಟನ್ನು ಓಡಿಸುವ ಶೆಲ್ಲಿನಲ್ಲಿ ಜಾಬ್ ನಿಯಂತ್ರಣ ಇರುವುದಿಲ್ಲ. ಅಲ್ಲಿ ಆ್ಯಂಪರ್‌ಸ್ಯಾಂಡ್‌ನ ಅರ್ಥ ಇಷ್ಟೇ: ಇದು ಮುಗಿಯುವವರೆಗೆ ಕಾಯದೆ ಮುಂದಿನ ಸಾಲಿಗೆ ಹೋಗು. ಗುಂಪು ಬದಲಾಗುವುದಿಲ್ಲ. ನಿಮ್ಮ ಸ್ಕ್ರಿಪ್ಟ್, ಅಪಾಚೆ, ಅದರ ಮಕ್ಕಳು, ಟೇಲ್ ಎಲ್ಲರೂ ಒಂದೇ ಗುಂಪಿನಲ್ಲಿದ್ದಾರೆ, ಆ ಗುಂಪೇ ಮುನ್ನೆಲೆಯಲ್ಲಿದೆ. ಸಿಗ್‌ವಿಂಚ್ ಎಲ್ಲರಿಗೂ ಬಂದಿತು. ಟೇಲ್ ಅದನ್ನು ಲೆಕ್ಕಿಸಲಿಲ್ಲ, ಅಪಾಚೆ ಲೆಕ್ಕಿಸಿತು. ಪಿಎಸ್ ಪಟ್ಟಿಯಲ್ಲಿ ಪಿಜಿಐಡಿ (ಪ್ರೊಸೆಸ್ಸಿನ ಗುಂಪಿನ ಸಂಖ್ಯೆ) ಮತ್ತು ಟಿಪಿಜಿಐಡಿ (ಟರ್ಮಿನಲ್ಲಿನ ಮುನ್ನೆಲೆ ಗುಂಪಿನ ಸಂಖ್ಯೆ) ಎಂಬ ಎರಡು ಕಂಬಗಳನ್ನು ಕೇಳಿ ಪಡೆಯಿರಿ. ಎರಡೂ ಸಂಖ್ಯೆಗಳು ಒಂದೇ ಆಗಿದ್ದರೆ ಆ ಪ್ರೊಸೆಸ್ ಮುನ್ನೆಲೆಯಲ್ಲಿದೆ ಎಂದರ್ಥ, ಆ್ಯಂಪರ್‌ಸ್ಯಾಂಡ್ ಎಷ್ಟೇ ಇರಲಿ.

ನೋಹಪ್ ತನ್ನ ಹೆಸರಿಗೆ ನಿಷ್ಠವಾದುದು: ಎಚ್‌ಯುಪಿಯನ್ನು ಮಾತ್ರ ನಿರ್ಲಕ್ಷಿಸುವಂತೆ ಮಾಡುತ್ತದೆ. ವಿಂಚನ್ನೂ ಹಾಗೆಯೇ ನಿರ್ಲಕ್ಷ್ಯಕ್ಕೆ ಇಟ್ಟು ಅಪಾಚೆಯನ್ನು ಆರಂಭಿಸುವ ಉಪಾಯ ಹೊಳೆದರೆ ಅದೂ ಫಲಿಸದು, ಏಕೆಂದರೆ ಅಪಾಚೆ ಆರಂಭದಲ್ಲೇ ತನ್ನ ಹಿಡಿಕೆಯನ್ನು ತಾನೇ ಕೂರಿಸಿಕೊಂಡು ನೀವು ಇಟ್ಟದ್ದನ್ನು ಅಳಿಸಿಬಿಡುತ್ತದೆ. ಔಟ್‌ಪುಟ್ಟನ್ನು ಕಡತಕ್ಕೆ ತಿರುಗಿಸುವುದರಿಂದಲೂ ಲಾಭವಿಲ್ಲ. ಪ್ರೊಸೆಸ್ ಎಲ್ಲಿಗೆ ಬರೆಯುತ್ತದೆ ಎಂಬುದಕ್ಕೂ ಯಾವ ಟರ್ಮಿನಲ್ಲಿನ ಅಧೀನದಲ್ಲಿದೆ ಎಂಬುದಕ್ಕೂ ಸಂಬಂಧವಿಲ್ಲ.

ಫಲಿಸುವುದು ಟರ್ಮಿನಲ್ಲಿನ ನಂಟನ್ನೇ ಕಡಿಯುವುದು. ಆಜ್ಞೆಯ ಮುಂದೆ ಸೆಟ್‌ಸಿಡ್ ಸೇರಿಸಿದರೆ ಅಪಾಚೆ ಹೊಸ ಸೆಷನ್ನಿನಲ್ಲಿ, ನಿಯಂತ್ರಕ ಟರ್ಮಿನಲ್ಲೇ ಇಲ್ಲದೆ ಓಡುತ್ತದೆ. ಸ್ಕ್ರಿಪ್ಟಿನ ತಲೆಯಲ್ಲಿ ಸೆಟ್ -ಎಂ ಎಂದು ಬರೆದು ಜಾಬ್ ನಿಯಂತ್ರಣವನ್ನು ಚಾಲ್ತಿಗೆ ತಂದರೂ ಪ್ರತ್ಯೇಕ ಗುಂಪು ಸಿಗುತ್ತದೆ, ಆದರೆ ನನಗೆ ಅದು ಅಷ್ಟು ಇಷ್ಟವಿಲ್ಲ. ಆರು ತಿಂಗಳ ನಂತರ ಯಾರೋ ಆ ಸಾಲಿನ ಅರ್ಥ ತಿಳಿಯದೆ ತೆಗೆದುಹಾಕುತ್ತಾರೆ. ಎಲ್ಲಕ್ಕಿಂತ ಸರಳವಾದುದು, ಫೋರ್‌ಗ್ರೌಂಡ್ ಆಯ್ಕೆಯನ್ನೇ ಬಿಟ್ಟು ಅಪಾಚೆಯನ್ನು ಅದರ ಸಹಜ ರೀತಿಯಲ್ಲಿ ಡೀಮನ್ ಆಗಲು ಬಿಡುವುದು. ಲಾಗ್ ನೋಡಲು ಟೇಲ್ ಹೇಗೂ ಇದೆಯಲ್ಲ!

ಉತ್ತರ: ಕರಾವಳಿ ಕಂಟೇನರ್

ಈ ಚರ್ಚೆಯನ್ನು ಓದುತ್ತಿದ್ದಂತೆ ನನ್ನ ಹಳೆಯ ಗಾಯವೊಂದು ಅರ್ಥವಾಯಿತು. ನಮ್ಮ ತಂಡದಲ್ಲಿ ಅಪಾಚೆ ಸಹಿತವಾದ ಪಿಎಚ್‌ಪಿ ಇಮೇಜನ್ನು (ತಂತ್ರಾಂಶದ ಸಿದ್ಧ ಕಟ್ಟನ್ನು) ಡಾಕರ್‌ನಲ್ಲಿ, ಅಂದರೆ ಪ್ರತ್ಯೇಕ ಕಂಟೇನರಿನೊಳಗೆ, ಓಡಿಸುತ್ತಿದ್ದೆವು. ಡಾಕರ್‌ಗೆ ಸೂಚನೆ ಕೊಡುವ ಕಾಂಪೋಸ್ ಕಡತದಲ್ಲಿ ಟಿಟಿವೈ (ಟರ್ಮಿನಲ್) ಬೇಕು ಎಂಬ ಸಾಲು ಎಲ್ಲಿಂದಲೋ ನಕಲಾಗಿ ಬಂದಿತ್ತು. ಯಾರಾದರೂ ಡಾಕರ್ ಅಟ್ಯಾಚ್ ಮಾಡಿದರೆ, ಅಂದರೆ ಓಡುತ್ತಿರುವ ಕಂಟೇನರಿಗೆ ತಮ್ಮ ಟರ್ಮಿನಲ್ಲನ್ನು ಜೋಡಿಸಿದರೆ, ಕಂಟೇನರ್ ನಿಲ್ಲುತ್ತಿತ್ತು. ವಿಂಡೋದ ಅಳತೆಯನ್ನು ನಾವು ಬದಲಿಸುತ್ತಲೇ ಇರಲಿಲ್ಲ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಹಾಗಿದ್ದರೂ ಏಕೆ ನಿಲ್ಲುತ್ತಿತ್ತು? ವೈಫಲ್ಯವಾದರೆ ಮರುಚಾಲನೆ ಮಾಡು ಎಂಬ ನಿಯಮವಿದ್ದರೂ ಅದು ಮತ್ತೆ ಏಳುತ್ತಿರಲಿಲ್ಲ.

ಹಳೆ ಟರ್ಮಿನಲ್

ಅಳತೆಯನ್ನು ನೀವು ಬದಲಿಸಲಿಲ್ಲ, ಡಾಕರ್ ಬದಲಿಸಿತು. ಟಿಟಿವೈ ಇರುವ ಕಂಟೇನರಿಗೆ ಅಟ್ಯಾಚ್ ಆದಾಗ, ಒಳಗಿರುವ ಶೆಲ್ ತನ್ನ ಪ್ರಾಂಪ್ಟನ್ನು ಮತ್ತೊಮ್ಮೆ ಬರೆಯಲಿ ಎಂಬ ಸದುದ್ದೇಶದಿಂದ, ಡಾಕರ್ ಕ್ಲೈಂಟ್ ಟರ್ಮಿನಲ್ಲಿನ ಅಗಲ ಎತ್ತರಗಳನ್ನು ಬೇಕೆಂದೇ ಒಂದೊಂದು ಹೆಚ್ಚಿಸಿ ಮತ್ತೆ ಮೊದಲಿನಂತೆ ಮಾಡುತ್ತದೆ. ಒಳಗಿರುವುದು ಶೆಲ್ ಆದರೆ ಒಳ್ಳೆಯ ಉಪಾಯ. ಅಪಾಚೆಯಾದರೆ ಬಾಗಿಲು ತಟ್ಟಿದ ಸದ್ದಿಗೇ ಮನೆಯವರು ಗಂಟು ಕಟ್ಟಿಕೊಂಡು ಹೊರಟಂತೆ.

ಮರುಚಾಲನೆಯಾಗದಿರುವುದಕ್ಕೆ ಕಾರಣ ಮೇಲೆ ಮಳೆನಾಡು ಅವರು ಕಂಡ ಅದೇ ಸೊನ್ನೆ. ಸೊನ್ನೆಯೆಂದರೆ ಯಶಸ್ವಿ ನಿರ್ಗಮನ, ಆದ್ದರಿಂದ ವೈಫಲ್ಯವನ್ನು ಕಾಯುವ ನಿಯಮ ಕದಲುವುದಿಲ್ಲ. ಟಿಟಿವೈ ಸಾಲನ್ನು ತೆಗೆಯಿರಿ, ನೋಡಬೇಕೆಂದಾಗ ಅಟ್ಯಾಚ್ ಬದಲು ಡಾಕರ್ ಲಾಗ್ಸ್ ಆಜ್ಞೆಯನ್ನು ಬಳಸಿ.

ಉತ್ತರ: ನೇರನುಡಿ

ಎಲ್ಲರೂ ಬಳಕೆದಾರನೇ ತಪ್ಪು ಮಾಡಿದಂತೆ ಪರಿಹಾರ ಹೇಳುತ್ತಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಇದು ಸ್ಪಷ್ಟವಾಗಿ ಅಪಾಚೆಯ ದೋಷ. ನಿರ್ದಿಷ್ಟ ಅರ್ಥವಿರುವ, ಕರ್ನಲ್ ತಾನಾಗಿ ಕಳಿಸುವ ಸಿಗ್ನಲ್ಲಿಗೆ ಸರ್ವರ್ ನಿಲ್ಲಿಸುವಂಥ ಗಂಭೀರ ಅರ್ಥವನ್ನು ಹೊರಿಸಿದ್ದೇ ತಪ್ಪು. ಎಂಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್ ಕೂಡ ಇದೇ ಸಿಗ್ನಲ್ಲನ್ನು ಬಳಸುತ್ತದೆ, ಕೆಲಸಗಾರ ಪ್ರೊಸೆಸ್‌ಗಳನ್ನು ಸಾವಕಾಶವಾಗಿ ಮುಚ್ಚಲು. ಆದರೆ ತಾನು ಡೀಮನ್ ಆಗಿ ಬೇರ್ಪಟ್ಟಿದ್ದರೆ ಮಾತ್ರ ಅದಕ್ಕೆ ಬೆಲೆ ಕೊಡುತ್ತದೆ, ಮುನ್ನೆಲೆಯಲ್ಲಿ ಓಡುತ್ತಿದ್ದರೆ ಸುಮ್ಮನಿರುತ್ತದೆ. ಒಂದು ಷರತ್ತಿನ ಸಾಲಿನಲ್ಲಿ ಮುಗಿಯುವ ಕೆಲಸ ಅದು. ಅಪಾಚೆಯೂ ಹಾಗೆಯೇ ಮಾಡಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಹಳೆ ಟರ್ಮಿನಲ್

ಆಯ್ಕೆ ಎಡವಟ್ಟಿನದು ಎಂಬುದನ್ನು ಒಪ್ಪುತ್ತೇನೆ. ಒಂದು ಸಾಲಿನಲ್ಲಿ ಮುಗಿಯುತ್ತದೆ ಎಂಬುದನ್ನು ಒಪ್ಪಲಾರೆ. ಅಪಾಚೆಯ ಅಧಿಕೃತ ಡಾಕರ್ ಇಮೇಜನ್ನು ತೆಗೆದು ನೋಡಿ: ಅದು ಅಪಾಚೆಯನ್ನು ಫೋರ್‌ಗ್ರೌಂಡ್ ಆಯ್ಕೆಯಲ್ಲೇ ಓಡಿಸುತ್ತದೆ, ನಿಲ್ಲಿಸುವ ಸಿಗ್ನಲ್ ಎಂದು ಸಿಗ್‌ವಿಂಚನ್ನೇ ಘೋಷಿಸುತ್ತದೆ. ಫೆಡೋರಾ ಲಿನಕ್ಸ್‌ನಲ್ಲಿ ಸೇವೆಗಳನ್ನು ಓಡಿಸುವ ಸಿಸ್ಟಂಡಿಯ ಘಟಕದ ಕಡತವೂ ಹಾಗೆಯೇ ಇದೆ. ಅಲ್ಲಿಯೂ ಫೋರ್‌ಗ್ರೌಂಡ್, ಅಲ್ಲಿಯೂ ನಿಲ್ಲಿಸಲು ಸಿಗ್‌ವಿಂಚ್. ಸಿಸ್ಟಂಡಿ ಓಡಿಸುವ ಸೇವೆಗೆ ಟರ್ಮಿನಲ್ ಇಲ್ಲದ್ದರಿಂದ ಅಲ್ಲಿ ಈ ತೊಂದರೆ ಎಂದೂ ಕಾಣಿಸಿಕೊಳ್ಳುವುದಿಲ್ಲ. ನಾಳೆ ಅಪಾಚೆ ಎಂಜಿನ್‌ಎಕ್ಸ್‌ನಂತೆ ಮುನ್ನೆಲೆಯಲ್ಲಿರುವಾಗ ವಿಂಚಿಗೆ ಕಿವುಡಾದರೆ, ಆ ಎಲ್ಲ ಕಂಟೇನರ್‌ಗಳೂ ನಿಲ್ಲು ಎಂದರೆ ನಿಲ್ಲದೆ, ಡಾಕರ್‌ನ ವಾಡಿಕೆಯ 10 ಸೆಕೆಂಡು ಕಳೆದ ಮೇಲೆ ಸಿಗ್‌ಕಿಲ್ ತಿಂದು ಸಾಯುತ್ತವೆ, ಓಡುತ್ತಿರುವ ಕೋರಿಕೆಗಳೂ ಅವುಗಳೊಡನೆ ಸಾಯುತ್ತವೆ. ಎಂಜಿನ್‌ಎಕ್ಸ್‌ಗೆ ಆ ಸಂಕಟವಿಲ್ಲ, ಏಕೆಂದರೆ ಪೂರ್ತಿಯಾಗಿ ಸಾವಕಾಶವಾಗಿ ನಿಲ್ಲಲು ಅದು ಕ್ವಿಟ್ ಸಿಗ್ನಲ್ಲನ್ನು ಮೀಸಲಿಟ್ಟಿದೆ, ಅದರ ಇಮೇಜ್ ಘೋಷಿಸುವುದೂ ಅದನ್ನೇ.

ನನಗೆ ತೋರುವ ದಾರಿ ಬೇರೆ. ಟರ್ಮಿನಲ್ಲಿನಿಂದ ಬಂದ ವಿಂಚಿಗೂ ಒಬ್ಬರು ಉದ್ದೇಶಪೂರ್ವಕವಾಗಿ ಕಳಿಸಿದ ವಿಂಚಿಗೂ ಇರುವ ಭೇದವನ್ನು ಲಿನಕ್ಸ್‌ನಲ್ಲಿ ಆ ಎಸ್‌ಐ ಕೋಡೇ ಹೇಳುತ್ತದೆ. ಸಿಗ್ನಲ್ ಹಿಡಿಯುವ ಕಾರ್ಯವು ಅದನ್ನು ಪಡೆದು, ಕರ್ನಲ್‌ನದಾದರೆ ಬಿಟ್ಟು, ಬಳಕೆದಾರನದಾದರೆ ನಿಲ್ಲಬಹುದು. ಬೇರೆ ಯೂನಿಕ್ಸ್‌ಗಳಲ್ಲಿಯೂ ಈ ಭೇದ ಇಷ್ಟೇ ಸ್ಪಷ್ಟವಾಗಿರುತ್ತದೆ ಎಂದು ಭರವಸೆ ಇಡುವಂತಿಲ್ಲ. ಹಲವು ವ್ಯವಸ್ಥೆಗಳ ಮೇಲೆ ಓಡಬೇಕಾದ ಅಪಾಚೆಗೆ ಅದು ಸಣ್ಣ ತೊಡಕಲ್ಲ.

ನೇರನುಡಿ

ಇಮೇಜಿನ ಘೋಷಣೆ ನನ್ನ ಗಮನಕ್ಕೆ ಬಂದಿರಲಿಲ್ಲ. ದೋಷ ಎಂಬ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ, ಒಂದು ಸಾಲು ಎಂಬುದನ್ನು ಹಿಂತೆಗೆದುಕೊಳ್ಳುತ್ತೇನೆ.

ಮಳೆನಾಡು

ಸ್ಕ್ರಿಪ್ಟಿನಿಂದ ಫೋರ್‌ಗ್ರೌಂಡ್ ಆಯ್ಕೆಯನ್ನೂ ಆ್ಯಂಪರ್‌ಸ್ಯಾಂಡನ್ನೂ ತೆಗೆದೆ. ಈಗ ಟಿಮಕ್ಸ್‌ನಲ್ಲಿ ಟೇಲ್ ಒಂದೇ ಉಳಿದಿದೆ. ಪಿಎಸ್ ಪಟ್ಟಿಯಲ್ಲಿ ಅಪಾಚೆಯ ಟಿಟಿವೈ ಕಂಬದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ, ಅಂದರೆ ಟರ್ಮಿನಲ್ಲಿನ ನಂಟಿಲ್ಲ. ನಿನ್ನೆ ಸಂಜೆ ಎರಡು ಬಾರಿ ವಿದ್ಯುತ್ ಹೋಯಿತು, ರಾತ್ರಿ ಹಿರಿಯರೂ ಬಂದು ನೋಡಿದರು. ಸರ್ವರ್ ಓಡುತ್ತಿದೆ.

ನನ್ನ ಮೂರನೆಯ ಸಂಗತಿಗೆ ಮಾತ್ರ ಉತ್ತರ ಸಿಗಲಿಲ್ಲ. ಪ್ರೊಸೆಸ್‌ಗಳು ಜೀವಂತವಾಗಿದ್ದೂ ಸಂಪರ್ಕ ನಿರಾಕರಣೆಯಾಗುತ್ತಿದ್ದುದು ಏಕೆ?

ಹಳೆ ಟರ್ಮಿನಲ್

ಸಾವಕಾಶವಾಗಿ ನಿಲ್ಲುವುದು ಎಂದರೆ ಅದೇ. ಸಿಗ್ನಲ್ ಬಂದೊಡನೆ ಅಪಾಚೆ ತಾನು ಕಿವಿಗೊಟ್ಟಿದ್ದ ಪೋರ್ಟನ್ನು ಮುಚ್ಚುತ್ತದೆ, ಆದ್ದರಿಂದ ಹೊಸಬರಿಗೆ ನಿರಾಕರಣೆ. ಒಳಗೆ ಈಗಾಗಲೇ ನಡೆಯುತ್ತಿರುವ ಕೋರಿಕೆಗಳನ್ನು ಮಾತ್ರ ಮುಗಿಸಿ ಕೊಡುತ್ತದೆ. ಅವುಗಳಲ್ಲೊಂದು ದೊಡ್ಡ ಕಡತದ ಇಳಿಕೆಯೋ ಸಿಕ್ಕಿಬಿದ್ದ ವರದಿಯೋ ಆಗಿದ್ದರೆ ಪ್ರೊಸೆಸ್‌ಗಳು ಬಹಳ ಹೊತ್ತು ಉಳಿಯುತ್ತವೆ. ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಗ್ರೇಸ್‌ಫುಲ್‌ಶಟ್‌ಡೌನ್‌ಟೈಮ್‌ಔಟ್ ಎಂಬ ನಿರ್ದೇಶ ಹೇಳುತ್ತದೆ. ಅದರ ಪೂರ್ವನಿಗದಿತ ಬೆಲೆ ಸೊನ್ನೆ, ಇಲ್ಲಿ ಸೊನ್ನೆಯ ಅರ್ಥ ಮಿತಿಯಿಲ್ಲದೆ ಕಾಯುವುದು. ನೀವು ಬೇಕೆಂದೇ ಸಾವಕಾಶವಾಗಿ ನಿಲ್ಲಿಸುವ ದಿನಗಳೂ ಇರುತ್ತವೆಯಾದ್ದರಿಂದ ಅದಕ್ಕೊಂದು ಸಂಖ್ಯೆ ಕೊಟ್ಟಿಡಿ. ನಾನು 30 ಸೆಕೆಂಡು ಇಟ್ಟಿದ್ದೇನೆ. ನಿಮ್ಮಲ್ಲಿ ಅತಿ ನಿಧಾನದ ವರದಿ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಯೋ ಅದಕ್ಕಿಂತ ಸ್ವಲ್ಪ ಹೆಚ್ಚು ಇರಲಿ.